ತಲೆಕಟ್ಟು ಮತ್ತು ಸೆರಿಫ್: ತುಮಕೂರು ಜಿಲ್ಲೆಯ ಉತ್ತರ ಗಡಿಯಿಂದ ಅಲಂಕಾರಿಕ ಅಚ್ಚಕ್ಷರದ ಒಂದು ಅವಲೋಕನ

ಕನ್ನಡ ಅಕ್ಷರವಿನ್ಯಾಸದ ಚರ್ಚೆಯಲ್ಲಿ 'ಸೆರಿಫ್' ಎಂಬ ಪದ ಈಗ ಸಹಜವಾಗಿ ಬಳಕೆಯಾಗುತ್ತಿದೆ. ರೋಮನ್ ಅಕ್ಷರದ ಗೆರೆಯ ಕೊನೆಯಲ್ಲಿ ಚಾಚಿಕೊಳ್ಳುವ ಕಿರಿದಾದ ಅಡ್ಡಗೆರೆಯೇ ಸೆರಿಫ್. ಎಡ್ವರ್ಡ್ ಕ್ಯಾಟಿಚ್ 1968ರ ತಮ್ಮ ಗ್ರಂಥದಲ್ಲಿ ಇದರ ಮೂಲವನ್ನು ಶಿಲ್ಪಿಯ ಉಳಿಯಲ್ಲಿ ಅಲ್ಲ, ಬರಹಗಾರನ ಕುಂಚದಲ್ಲಿ ಗುರುತಿಸಿದರು. ಮೂಲ ಯಾವುದೇ ಇರಲಿ, ಸೆರಿಫನ್ನು ತೆಗೆದರೂ ರೋಮನ್ ಅಕ್ಷರದ ಧ್ವನಿಮೌಲ್ಯ ಬದಲಾಗುವುದಿಲ್ಲ. ಕನ್ನಡದ ತಲೆಕಟ್ಟನ್ನು ಇದರ ಸಮಾನಾಂತರವೆಂದು ಭಾವಿಸಬಹುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಪ್ರದೇಶ ಈ ಪ್ರಶ್ನೆಗೆ ತಕ್ಕ ಕ್ಷೇತ್ರ. ಪಾವಗಡವು ಬಹುತೇಕ ಎಲ್ಲ ದಿಕ್ಕುಗಳಲ್ಲಿ ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಶಿರಾದ ಆಚೆಗೆ, ಗಡಿಯಿಂದಾಚೆ, ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ ಇದೆ. ಈ ಸೀಮೆಯ ದಾರಿಗಳಲ್ಲಿ ಕನ್ನಡದ ಫಲಕವೂ ತೆಲುಗಿನ ಫಲಕವೂ ಒಂದರ ಬಳಿ ಒಂದು ಕಾಣಸಿಗುತ್ತವೆ. ಬ, ಲ, ಜ, ಣಗಳಂತಹ ತಲೆಕಟ್ಟಿಲ್ಲದ ಅಕ್ಷರಗಳಲ್ಲಿ ಎರಡು ಲಿಪಿಗಳ ನಡುವಿನ ಅಂತರ ಅತ್ಯಲ್ಪ. ಗ, ನ, ಮಗಳಂತಹ ಅಕ್ಷರಗಳಲ್ಲಿ ಭೇದವನ್ನು ಮೊದಲು ಸೂಚಿಸುವುದು ನೆತ್ತಿಯ ಗೆರೆ: ಕನ್ನಡದಲ್ಲಿ ಅದು ಅಡ್ಡಲಾಗಿ ಸಾಗಿ ತುದಿಯಲ್ಲಿ ಬಾಗುತ್ತದೆ, ತೆಲುಗಿನಲ್ಲಿ ಓರೆಯಾಗಿ ಮೇಲೇರುತ್ತದೆ.

ಈ ಭೇದ ಪ್ರಾಚೀನವಾದುದಲ್ಲ. ನಿಡುಗಲ್ಲಿನ ಚೋಳರು ತೆಲುಗು ಚೋಳ ಪರಂಪರೆಗೆ ಸೇರಿದವರು. ಆದರೆ 12–13ನೆಯ ಶತಮಾನಗಳಲ್ಲಿ ಪಾವಗಡ ಸೀಮೆಯಲ್ಲಿ ಇರುಂಗೋಳನೇ ಮೊದಲಾದವರ ಆಳ್ವಿಕೆಯ ಶಾಸನಗಳು ಕನ್ನಡದಲ್ಲಿವೆ. ಆ ಕಾಲಕ್ಕೆ ಕನ್ನಡ ಮತ್ತು ತೆಲುಗು ಲಿಪಿಗಳು ಇನ್ನೂ ಪೂರ್ಣವಾಗಿ ಕವಲೊಡೆದಿರಲಿಲ್ಲ. ಕಲ್ಲಿನ ಮೇಲಿನ ಅಕ್ಷರ ಎರಡೂ ಭಾಷೆಗಳಿಗೆ ಸಲ್ಲುವಂತಹುದು.

ಇವುಗಳನ್ನು ಬೇರ್ಪಡಿಸಿ ಸ್ಥಿರಗೊಳಿಸಿದುದರಲ್ಲಿ ಅಚ್ಚುಮೊಳೆಯ ಪಾತ್ರ ದೊಡ್ಡದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ಬಳ್ಳಾರಿ, ಬೆಂಗಳೂರು, ಮಂಗಳೂರುಗಳ ಮಿಷನ್ ಮುದ್ರಣಾಲಯಗಳು ಆ ಕಾರ್ಯವನ್ನು ಮುಂದುವರಿಸಿದವು. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟ, ತುಮಕೂರು ಜಿಲ್ಲೆಯ ಶಾಸನಗಳು, 1904ರಲ್ಲಿ ಹೊರಬಂದಿತು. ಅದರಲ್ಲಿ ಶಿರಾ, ಅಂದಿನ ಮದ್ದಗಿರಿ ಮತ್ತು ಪಾವಗಡದ ಶಾಸನಪಾಠಗಳು, ಕಾಲ ಯಾವುದೇ ಆಗಿರಲಿ, ಒಂದೇ ಆಧುನಿಕ ಕನ್ನಡ ಅಚ್ಚಿನಲ್ಲಿವೆ. ಗಡಿಯಾಚೆಯ ವ್ಯವಸ್ಥೆಯೂ ಹೀಗೆಯೇ: ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 9ನೆಯ ಸಂಪುಟದಲ್ಲಿ, ತೆಲುಗು ಶಾಸನಗಳು 10ನೆಯದರಲ್ಲಿ ಪ್ರಕಟವಾದವು. ಮೊಳೆಯ ಆಯ್ಕೆಯನ್ನು ನಿರ್ಧರಿಸಿದುದು ಶಾಸನದ ಭಾಷೆ, ಅಕ್ಷರದ ಆಕಾರವಲ್ಲ. ಆದಕಾರಣ ಮುದ್ರಿತ ಪಾಠವನ್ನಷ್ಟೇ ಆಧರಿಸಿ ಲಿಪಿಭೇದವನ್ನು ವಿವೇಚಿಸುವ ಸಂಶೋಧಕರು ಕಲ್ಲಿನಲ್ಲಿ ಇಲ್ಲದ ತಲೆಕಟ್ಟನ್ನು ಅಲ್ಲಿ ಕಾಣುವ ಅಪಾಯವಿದೆ.

ತಲೆಕಟ್ಟಿಗೆ ಎರಡನೆಯ ಹೊಣೆಯೂ ಉಂಟು. 'ನ'ಕಾರದ ತಲೆಕಟ್ಟು 'ನಾ', 'ನಿ', 'ನೆ', 'ನ್' ಎಂಬ ರೂಪಗಳಲ್ಲಿ ತನ್ನ ಸ್ಥಾನವನ್ನು ಬೇರೆ ಚಿಹ್ನೆಗೆ ಬಿಟ್ಟುಕೊಡುತ್ತದೆ. 'ನು', 'ನೂ', 'ನೃ'ಗಳಲ್ಲಿ ಉಳಿಯುತ್ತದೆ. ಹಾಗಾಗಿ ಅದನ್ನು ಅಕಾರದ ಚಿಹ್ನೆ ಎಂದಷ್ಟೇ ಹೇಳಿದರೆ ಸಾಲದು. ನೆತ್ತಿಯಲ್ಲಿ ಬೇರೆ ಸ್ವರಚಿಹ್ನೆಯಾಗಲಿ ಸ್ವರಲೋಪದ ಚಿಹ್ನೆಯಾಗಲಿ ಇಲ್ಲವೆಂಬುದರ ಗುರುತು ಅದು. ಯುನಿಕೋಡಿನಲ್ಲಿ ಕನ್ನಡಕ್ಕೂ ತೆಲುಗಿಗೂ ಪ್ರತ್ಯೇಕ ವಿಭಾಗಗಳಿವೆಯಾದರೂ ತಲೆಕಟ್ಟಿಗೆ ಸ್ವತಂತ್ರ ಸಂಕೇತವಿಲ್ಲ. ಅದನ್ನು ತೋರುವ ಹೊಣೆ ಪೂರ್ತಿಯಾಗಿ ಅಕ್ಷರವಿನ್ಯಾಸದ ಮೇಲೆಯೇ ಬೀಳುತ್ತದೆ.

ಶೀರ್ಷಿಕೆ, ಫಲಕ, ಭಿತ್ತಿಪತ್ರಗಳ ಅಲಂಕಾರಿಕ ಅಕ್ಷರಗಳಲ್ಲಿ ಈ ಹೊಣೆ ಎದ್ದುಕಾಣುತ್ತದೆ. ಅಲ್ಲಿ ವಿನ್ಯಾಸಕಾರರ ಕೈ ಮೊದಲು ಹರಿಯುವುದು ನೆತ್ತಿಯ ಗೆರೆಯತ್ತಲೇ. ಅದರ ತುದಿಯನ್ನು ಸುರುಳಿಯಾಗಿ ಮುಚ್ಚಿದರೆ 'ನ' ಎಂಬುದು ಗುಡಿಸು ಪಡೆದ 'ನಿ'ಯತ್ತ ಸರಿಯುತ್ತದೆ. ಮೇಲಕ್ಕೆತ್ತಿದರೆ ಎತ್ವದ ಭ್ರಮೆಯಾಗಬಹುದು, ಅಥವಾ ಗಡಿಸೀಮೆಯ ಓದುಗನಿಗೆ ತೆಲುಗಾಗಿ ತೋರಬಹುದು. ಪೂರ್ತಿ ಅಳಿಸಿದರೆ ಲಿಪಿಯ ಗುರುತೂ ಸ್ವರದ ಗುರುತೂ ಒಟ್ಟಿಗೆ ಹೋಗುತ್ತವೆ.

ಇತ್ತೀಚಿನ ಎರಡು ಉದಾಹರಣೆಗಳು ಇದನ್ನು ಸಮರ್ಥಿಸುತ್ತವೆ. ನೋಟೋ ಕುಟುಂಬದಲ್ಲಿ ಕನ್ನಡಕ್ಕೆ 'ಸ್ಯಾನ್ಸ್' ಮತ್ತು 'ಸೆರಿಫ್' ಎಂಬ ಎರಡು ವಿನ್ಯಾಸಗಳಿವೆ. ತಲೆಕಟ್ಟು ಎರಡರಲ್ಲಿಯೂ ಇದೆ. ಅವುಗಳ ಭೇದವಿರುವುದು ಮುಖ್ಯವಾಗಿ ಗೆರೆಯ ದಪ್ಪ–ತೆಳುವಿನಲ್ಲಿ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ 'ಅಕಾಯ' ಎಂಬ ಪ್ರಯೋಗಶೀಲ ಶೀರ್ಷಿಕಾಕ್ಷರವು 'ಕನಡಕ' ಮತ್ತು 'ತೆಲಿವಿಗಲ' ಎಂದು ಎರಡು ಕಡತಗಳಾಗಿ ಬಂದಿದೆ. ರೋಮನ್ ಅಕ್ಷರಗಳು ಎರಡಕ್ಕೂ ಸಮಾನ. ಕನ್ನಡ ಮತ್ತು ತೆಲುಗು ಮಾತ್ರ ಬೇರೆಬೇರೆ.

ತಲೆಕಟ್ಟು ಅಲಂಕಾರವನ್ನು ಧರಿಸಬಲ್ಲುದು. ಆದರೆ ತಾನೇ ಅಲಂಕಾರವಲ್ಲ. ಅದನ್ನು ಸೆರಿಫ್ ಎಂದು ಕರೆಯುವುದು ಪದಬಳಕೆಯ ಸಣ್ಣ ದೋಷವಾಗಿ ತೋರಬಹುದು. ಆದರೆ ಪಾವಗಡದ ಕಲ್ಲನ್ನು ಮತ್ತೆ ಓದುವವರಿಗೂ ಅಲ್ಲಿನ ಫಲಕಕ್ಕೆ ಅಕ್ಷರ ರೂಪಿಸುವವರಿಗೂ ಆ ದೋಷ ತಪ್ಪು ಓದಿಗೆ ದಾರಿಯಾಗುತ್ತದೆ.