ಮೂಗಿನ ಸರಾಸರಿ

ಬಟನ್ನಿನ ಬಣ್ಣ ಬದಲಿಸಿದ್ದಕ್ಕೇ ಕ್ಲಿಕ್ ಹೆಚ್ಚಾಯ್ತಾ, ಇಲ್ಲಾ ಸುಮ್ಮನೆ ಅದೃಷ್ಟವಾ? ಆಫೀಸಿನಲ್ಲಿ ಎ/ಬಿ ಟೆಸ್ಟ್ ಮಾಡುವ ನಾವು ದಿನಾ ಕೇಳುವ ಪ್ರಶ್ನೆ ಇದು. ನಮ್ಮ ದೇಶದಲ್ಲಿ ಇದೇ ಪ್ರಶ್ನೆಯನ್ನು ಒಂದು ಕಾಲಕ್ಕೆ ಮನುಷ್ಯರ ಮೂಗಿನ ಮೇಲೆ ಕೇಳಬೇಕಾಗಿ ಬಂದಿತ್ತು.

ಹರ್ಬರ್ಟ್ ರಿಸ್ಲಿ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಬಂಗಾಳದ ಜಾತಿಗಳ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಅಂತಸ್ತು ಕೆಳಗೆ ಎಂದು 1890ರ ದಶಕದ ಆರಂಭದಲ್ಲಿ ಸಾರಿಬಿಟ್ಟ. ಸರಾಸರಿಗಳನ್ನು ಏಣಿಯ ಮೆಟ್ಟಿಲಂತೆ ಜೋಡಿಸಿದ್ದಷ್ಟೇ. ಬೇರೆ ನೂರು ಜನರನ್ನು ಅಳೆದಿದ್ದರೂ ಏಣಿ ಹೀಗೇ ನಿಲ್ಲುತ್ತಿತ್ತಾ? ಕೈಬೆರಳೆಣಿಕೆಯ ಅಳತೆಗಳಿದ್ದಾಗಲೂ ಅದಕ್ಕೆ ಉತ್ತರ ಹೇಳಬಲ್ಲ ದಾರಿ ಸಿಕ್ಕಿದ್ದು 1908ರಲ್ಲಿ, ಅದೂ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ. ಅಲ್ಲಿನ ನೌಕರ ಗಾಸೆಟ್ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದ.

ನಮ್ಮ ಪಾಮನಕಲ್ಲೂರಿನ ಮಾತಲ್ಲಿ ಹೇಳ್ತೀನಿ. ಎರಡು ತಳಿ ತೊಗರಿ, ತಲಾ ಐದು ಹೊಲ. ಒಂದರ ಸರಾಸರಿ ಎಕರೆಗೆ 5 ಚೀಲ, ಇನ್ನೊಂದರದು 4 ಅನ್ನಿ. ಬೀಜದ ಅಂಗಡಿಯವನು ಕುಣಿದಾಡುತ್ತಾನೆ. ಆದರೆ ಒಂದೇ ತಳಿ ಒಂದು ಹೊಲದಲ್ಲಿ 1 ಚೀಲ, ಪಕ್ಕದ್ದರಲ್ಲಿ 9 ಕೊಟ್ಟಿದ್ದರೆ? ಆ ಏರಿಳಿತದ ಮುಂದೆ ಒಂದು ಚೀಲದ ಅಂತರ ಲೆಕ್ಕಕ್ಕೇ ಇಲ್ಲ. ಎಲ್ಲ ಹೊಲಗಳೂ ತಮ್ಮ ತಮ್ಮ ಸರಾಸರಿಯ ಆಸುಪಾಸಲ್ಲೇ ನಿಂತಿದ್ದರೆ ಮಾತ್ರ ಅಂಗಡಿಯವನನ್ನು ನಂಬಬಹುದು. ಅಂತರವನ್ನು ಏರಿಳಿತದಿಂದ ಅಳೆಯಬೇಕು, ಎಷ್ಟು ಹೊಲ ನೋಡಿದ್ದೀವಿ ಅನ್ನೋದನ್ನೂ ಸೇರಿಸಿಕೊಂಡು. ಟಿ-ಟೆಸ್ಟಿನ ತಿರುಳೇ ಇದು.

ನಮ್ಮ ಕಡೆಯಿಂದ ತುಂಗಭದ್ರೆ ದಾಟಿ ಹೋದರೆ ಹೂವಿನ ಹಡಗಲಿ. 1920ರಲ್ಲಿ ಅಲ್ಲಿ, ಪೊಲೀಸ್ ಇನ್ಸ್‌ಪೆಕ್ಟರರ ತೆಲುಗು ಮನೆಯಲ್ಲಿ, ಎಂಟನೇ ಮಗು ಹುಟ್ಟಿತು. ದೇವಕಿಯ ಎಂಟನೆಯವನ ನೆನಪಲ್ಲಿ ರಾಧಾಕೃಷ್ಣ ಅಂತ ಹೆಸರಿಟ್ಟರು. ಅವರೇ ಸಿ. ಆರ್. ರಾವ್. 1941ರಲ್ಲಿ ಕಲ್ಕತ್ತೆಯಲ್ಲಿ ಮಹಾಲನೋಬಿಸರ ಸಂಸ್ಥೆ ಸೇರಿದರು. ಅದೇ ವರ್ಷ ಸಂಯುಕ್ತ ಪ್ರಾಂತ್ಯದಲ್ಲಿ ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಹಲವು ಜಾತಿ, ಬುಡಕಟ್ಟುಗಳ ಜನರ ದೇಹದ ಅಳತೆ ತೆಗೆದಿದ್ದರು. ಮೂವರೂ ಸೇರಿ ಬರೆದ ಅದರ ವಿಶ್ಲೇಷಣೆ 1949ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಬಂತು. ಒಂದೇ ಮೂಗಿಗೆ ಜೋತುಬೀಳದೆ, ಹಲವು ಅಳತೆಗಳನ್ನು ಅವುಗಳ ಪರಸ್ಪರ ನಂಟಿನ ಸಮೇತ ಒಟ್ಟಿಗೆ ತೂಗುವ ವಿಧಾನ ಅದು. ಎರಡು ಗುಂಪುಗಳ ನಡುವೆ ಸಿಗುವ ಆ ಒಟ್ಟು ಅಂತರಕ್ಕೆ 'ಮಹಾಲನೋಬಿಸ್ ದೂರ' ಅಂತಲೇ ಹೆಸರು. ಇವತ್ತು ಡೇಟಾ ಸೈನ್ಸಿನವರ ಲ್ಯಾಪ್‌ಟಾಪಲ್ಲೂ ಅದು ಓಡುತ್ತಿರುತ್ತದೆ.

ನನಗೆ ಮುಖ್ಯ ಅನ್ನಿಸುವುದು ಬೇರೆ. ದೂರಕ್ಕೆ ಮೇಲೆ-ಕೆಳಗೆ ಅನ್ನೋದಿಲ್ಲ. ಮಸ್ಕಿಯಿಂದ ಸಿಂಧನೂರು ಎಷ್ಟು ದೂರವೋ ಸಿಂಧನೂರಿನಿಂದ ಮಸ್ಕಿಯೂ ಅಷ್ಟೇ. ರಿಸ್ಲಿಯ ಏಣಿ ಬಂದದ್ದು ಅವನ ತಲೆಯಿಂದ, ಅಂಕಿಗಳಿಂದಲ್ಲ. ಇನ್ನೊಂದು ಮಾತು: ಸಾವಿರಾರು ಜನರನ್ನು ಅಳೆದರೆ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತೆ. 'ಸಿಗ್ನಿಫಿಕೆಂಟ್' ಅಂದ ತಕ್ಷಣ ಅದು ದೊಡ್ಡ ವ್ಯತ್ಯಾಸ ಅಂತ ಮೀಟಿಂಗಿನಲ್ಲಿ ತಲೆಯಾಡಿಸುವವರು ಇವತ್ತಿಗೂ ಇದ್ದಾರಲ್ಲ!

1946ರಲ್ಲಿ ರಾವ್ ಕೇಂಬ್ರಿಜ್‌ಗೆ ಹೋದರು. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತಂದ ಅಸ್ಥಿಗಳು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಕಾದಿದ್ದವು. ಹಗಲು ಆ ಕೆಲಸ, ಜತೆಗೆ ಫಿಶರ್ ಕೈಕೆಳಗೆ ಪಿಎಚ್‌ಡಿ. ಆ ತಲೆಬುರುಡೆಗಳಿಗೆ ಯಾವ ಜಾತಿ ಅಂತ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.