ಮತದಾರನೋ, ಘಟಕವೋ?

ಇಂಗ್ಲಿಷಿನ ‘ಕಾನ್‌ಸ್ಟಿಟ್ಯುಯೆಂಟ್’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು ಮತದಾರ; ಇನ್ನೊಂದು ಇಡಿಯೊಂದರ ಘಟಕ. ಕನ್ನಡ ಇವೆರಡನ್ನೂ ಬೇರೆಯಾಗಿಯೇ ಇರಿಸಿದೆ. ಇದು ಬರಿಯ ನಿಘಂಟಿನ ಭೇದವಲ್ಲ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಇವು ವಿಧಾನಸಭೆಗೆ ಒಂದೊಂದೂ ಒಂದು ಕ್ಷೇತ್ರ. ಲೋಕಸಭೆಯ ಚುನಾವಣೆ ಬಂತೆಂದರೆ ಒಂದೇ ಚಿತ್ರದುರ್ಗ ಕ್ಷೇತ್ರದ ಭಾಗಗಳು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿತ್ರದುರ್ಗವು ಲೋಕಸಭೆಗೆ ಕಳುಹಿಸಿದ್ದು ಎಸ್. ನಿಜಲಿಂಗಪ್ಪನವರನ್ನು.

ಅವರು ಹುಟ್ಟಿದ್ದು 1902ರಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ವಕೀಲಿ ನಡೆಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಕನ್ನಡನಾಡು ಹರಿದು ಹಂಚಿಹೋಗಿದ್ದುದನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಅವರು ಸದಸ್ಯರಾಗಿದ್ದರು. 1956ರ ನವೆಂಬರ್ 1ರಂದು ಹಳೆಯ ಮೈಸೂರಿನೊಡನೆ ಮುಂಬಯಿ, ಹೈದರಾಬಾದು, ಮದರಾಸುಗಳ ಕನ್ನಡ ಭಾಗಗಳೂ ಕೊಡಗೂ ಕೂಡಿದಾಗ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಘಟಕಗಳನ್ನು ಒಂದುಗೂಡಿಸಿದವರಲ್ಲಿ ಅವರ ಪಾಲು ದೊಡ್ಡದು.

1962ರಲ್ಲಿ ಅದೇ ನಿಜಲಿಂಗಪ್ಪನವರು ಹೊಸದುರ್ಗದಿಂದ ವಿಧಾನಸಭೆಗೆ ನಿಂತು ಸೋತರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಕಾಂಗ್ರೆಸ್ಸಿಗೆ ಬಹುಮತ ಬಂದಿತ್ತು, ನಾಯಕರಿಗೆ ಮಾತ್ರ ಸಭೆಯಲ್ಲಿ ಸ್ಥಾನವಿಲ್ಲ! ಮಾರ್ಚಿಯಿಂದ ಜೂನ್‌ವರೆಗೆ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಿದ್ದರು. ಅಷ್ಟರಲ್ಲಿ ಬಾಗಲಕೋಟೆಯ ಶಾಸಕರು ರಾಜೀನಾಮೆಯಿತ್ತರು. ನಿಜಲಿಂಗಪ್ಪನವರು ಅಲ್ಲಿಂದ ಆರಿಸಿಬಂದು ಜೂನ್‌ನಲ್ಲಿ ಮತ್ತೆ ಅಧಿಕಾರ ವಹಿಸಿಕೊಂಡರು.

ಬಾಗಲಕೋಟೆ 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಊರು. ಏಕೀಕರಣವಾಗದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. ಹಳೆಯ ಮೈಸೂರಿನ ಒಂದು ತಾಲ್ಲೂಕು ಬೇಡವೆಂದವರನ್ನು ಉತ್ತರದ ಊರೊಂದು ತನ್ನವರೆಂದು ಕಳುಹಿಸಿತು. ಒಂದಾದ ನಾಡಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕೆ?

ಆದರೂ ನನ್ನ ಮನಸ್ಸು ಹೊಸದುರ್ಗದ ಕಡೆಗೇ ವಾಲುತ್ತದೆ. ನಾಡು ಕಟ್ಟಿದವರ ಋಣ ದೊಡ್ಡದು, ನಿಜ. ಮತವು ಆ ಋಣಕ್ಕೆ ಸಲ್ಲಿಸುವ ಕಾಣಿಕೆಯಲ್ಲವೆಂದು ಅಲ್ಲಿನ ಜನ ತೋರಿಸಿಕೊಟ್ಟರು. ಬಾಗಲಕೋಟೆಯವರಿಗಾದರೋ, ತಾವು ಆರಿಸಿದ್ದ ಶಾಸಕರು ಕೆಲವೇ ತಿಂಗಳಲ್ಲಿ ಸ್ಥಾನ ಬಿಟ್ಟುಕೊಟ್ಟದ್ದನ್ನು ನೋಡಬೇಕಾಯಿತು. ಆ ಏರ್ಪಾಡು ಮಾಡಿದವರು ಅಲ್ಲಿನ ಜನರನ್ನು ಮತದಾರರೆಂದು ಎಣಿಸಿದರೋ, ಬಹುಮತದ ಒಂದು ಘಟಕವೆಂದೋ? ಸೋತ ನಾಯಕರಿಗಾಗಿ ಸ್ಥಾನ ತೆರವಾದಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.