ಜೀನೋಡ್‌ಗೆ ಹೊರಗಿನ ಲೈಬ್ರರಿಗಳ ಪೋರ್ಟಿಂಗ್

ಒಂದು ಕಾರ್ಯಾಚರಣ ವ್ಯವಸ್ಥೆಗೆಂದು ಬರೆದ ತಂತ್ರಾಂಶವನ್ನು ಇನ್ನೊಂದರಲ್ಲಿ ಓಡುವಂತೆ ಹೊಂದಿಸುವ ಕೆಲಸಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಹೊಸ ವ್ಯವಸ್ಥೆ ಕಟ್ಟುವವರಿಗೆ ಇದು ತಪ್ಪಿದ್ದಲ್ಲ. ಚಿತ್ರ ತೋರಿಸುವ, ಫೈಲ್ ಕುಗ್ಗಿಸುವ, ನೆಟ್‌ವರ್ಕ್ ನಿಭಾಯಿಸುವ ಕೋಡನ್ನೆಲ್ಲ ಮೊದಲಿಂದ ಬರೆಯಲು ಆಯುಷ್ಯ ಸಾಲದು.

ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹೊಮ್ಮಿದ ಜೀನೋಡ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಚೌಕಟ್ಟು ಇದಕ್ಕೆ ಒಳ್ಳೆಯ ನಿದರ್ಶನ. ನಾರ್ಮನ್ ಫೆಸ್ಕೆ ಮತ್ತು ಕ್ರಿಶ್ಚಿಯನ್ ಹೆಲ್ಮುತ್ 2008ರಲ್ಲಿ ಜೀನೋಡ್ ಲ್ಯಾಬ್ಸ್ ಸ್ಥಾಪಿಸಿ ಇದನ್ನು ಬೆಳೆಸಿದರು. ಇಲ್ಲಿ ಪ್ರತಿ ಪ್ರೋಗ್ರಾಮೂ ತನ್ನದೇ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಹುಟ್ಟಿಸಿದ ಪ್ರೋಗ್ರಾಮು ಕೊಟ್ಟದ್ದಷ್ಟೇ ಅದಕ್ಕೆ ದಕ್ಕುತ್ತದೆ. ಎಲ್ಲರೂ ಕೈಹಾಕಬಹುದಾದ ಫೈಲ್ ವ್ಯವಸ್ಥೆ ಎಂಬುದೇ ಇಲ್ಲ. ಲಿನಕ್ಸ್‌ನಲ್ಲಿ ಹುಟ್ಟಿದ ಲೈಬ್ರರಿ ಇಲ್ಲಿಗೆ ಬಂದಾಗ, ತವರಿನಲ್ಲಿ ಕೇಳದೆಯೇ ಸಿಗುತ್ತಿದ್ದ ಸೌಕರ್ಯಗಳು ಯಾವುವು ಎಂಬುದು ಒಂದೊಂದಾಗಿ ಬಯಲಾಗುತ್ತದೆ.

ಸುಲಭದ್ದರಿಂದಲೇ ನೋಡಬಹುದು. ಜಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ 1995ರಲ್ಲಿ ಹೊರತಂದ ಜೀಲಿಬ್, ದತ್ತಾಂಶವನ್ನು ಕುಗ್ಗಿಸುವ ಪುಟ್ಟ ಲೈಬ್ರರಿ. ಅದರ ತಿರುಳಿನ ಕೋಡು ಮೆಮೊರಿಯಲ್ಲಿರುವ ಬೈಟುಗಳನ್ನು ತೆಗೆದುಕೊಂಡು ಬೈಟುಗಳನ್ನೇ ಕೊಡುತ್ತದೆ. ವ್ಯವಸ್ಥೆಯ ಮೂಲಭಾಗವಾದ ಕರ್ನಲ್ ಯಾವುದಾದರೂ ಅದಕ್ಕೆ ಒಂದೇ. ಫೈಲ್ ತೆರೆಯುವ ಕೆಲವು ಫಂಕ್ಷನ್‌ಗಳಿಗೆ ಮಾತ್ರ ವ್ಯವಸ್ಥೆಯ ನೆರವು ಬೇಕು.

ಜೀನೋಡ್ ಇಂಥ ಲೈಬ್ರರಿಯ ಮೂಲ ಕೋಡನ್ನು ತನ್ನ ಭಂಡಾರದಲ್ಲಿ ಇಟ್ಟುಕೊಳ್ಳುವುದಿಲ್ಲ. ಬದಲಿಗೆ ಕೆಲವೇ ಸಾಲುಗಳ ಒಂದು ಪೋರ್ಟ್ ಫೈಲ್ ಇರುತ್ತದೆ: ಪರವಾನಗಿ, ಆವೃತ್ತಿ, ಡೌನ್‌ಲೋಡ್ ವಿಳಾಸ, ಚೆಕ್‌ಸಮ್, ಬಿಚ್ಚಿಡಬೇಕಾದ ಡೈರೆಕ್ಟರಿ. ‘ಪ್ರಿಪೇರ್ ಪೋರ್ಟ್’ ಆಜ್ಞೆ ಕೊಟ್ಟರೆ ಮೂಲ ಕೋಡು ಇಳಿದು, ಪರೀಕ್ಷೆಗೊಳಗಾಗಿ, ಬೇಕಿದ್ದ ಪ್ಯಾಚ್‌ಗಳು ಸೇರಿ ಸಿದ್ಧವಾಗುತ್ತದೆ. ಬಂದ ಫೈಲಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಚೆಕ್‌ಸಮ್ ತಾಳೆಯಾಗದೆ ಕೆಲಸ ಅಲ್ಲೇ ನಿಲ್ಲುತ್ತದೆ. ಯಾವುದು ಹೊರಗಿನವರ ಕೋಡು, ಯಾವುದು ಪೋರ್ಟ್ ಮಾಡಿದವರ ತಿದ್ದುಪಡಿ ಎಂಬ ಗೆರೆ ಎಂದೂ ಅಳಿಸದಿರುವುದು ಈ ಪದ್ಧತಿಯ ದೊಡ್ಡ ಗುಣ.

ನಂತರದ ಹೆಜ್ಜೆಗೆ ಜೀನೋಡ್ ತಂಡದ ಸಲಹೆ ಸರಳ: ಮೊದಲು ಅದೇ ಲೈಬ್ರರಿಯನ್ನು ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿ, ಯಾವ ಫೈಲುಗಳು ಯಾವ ಆಯ್ಕೆಗಳೊಂದಿಗೆ ಕಂಪೈಲಾದವು ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಆ ಪಟ್ಟಿಯೇ ಜೀನೋಡ್‌ನ ಮೇಕ್‌ಫೈಲಿಗೆ ಆಧಾರ. ಸಿ ಭಾಷೆಯ ಮೂಲ ಲೈಬ್ರರಿಯನ್ನು ಫ್ರೀಬಿಎಸ್‌ಡಿಯಿಂದ ತಂದು ಅಳವಡಿಸಿಕೊಂಡಿರುವುದರಿಂದ ಪರಿಚಿತ ಕರೆಗಳು ಬಹುಪಾಲು ಸಿಗುತ್ತವೆ. ಆದರೆ ಫೈಲ್ ತೆರೆಯುವ ಕರೆ ಹೋಗುವುದು ಆ ಪ್ರೋಗ್ರಾಮಿಗೆಂದೇ ಬರೆದುಕೊಟ್ಟ ಪುಟ್ಟ ಫೈಲ್ ಜಗತ್ತಿಗೆ. ಮುದ್ರಿಸಿದ ಸಾಲು ಎಲ್ಲಿಗೆ ಹೋಗಬೇಕೆಂಬುದನ್ನೂ ಅಲ್ಲೇ ಹೇಳಬೇಕು. ಹೇಳದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಜವಾದ ಕಷ್ಟ ಡ್ರೈವರ್‌ಗಳದ್ದು. ಇಂಟೆಲ್ ವೈಫೈ ಡ್ರೈವರನ್ನು ಲಿನಕ್ಸ್ ಕರ್ನಲ್‌ನಿಂದ ಕಿತ್ತು ತಂದರೆ, ಟೈಮರ್, ಇಂಟರಪ್ಟ್, ಮೆಮೊರಿ ಹಂಚಿಕೆ ಎಂದು ಕರ್ನಲ್‌ನ ಅಸಂಖ್ಯ ಫಂಕ್ಷನ್‌ಗಳನ್ನು ಅದು ಹುಡುಕುತ್ತದೆ. ಎಲ್ಲವನ್ನೂ ಬರೆಯುವ ಬದಲು ಜೀನೋಡ್ ತಂಡ ತಾಳ್ಮೆಯ ದಾರಿ ಹಿಡಿಯಿತು. ಕಂಪೈಲಾದ ತುಣುಕುಗಳನ್ನು ಜೋಡಿಸುವ ಲಿಂಕರ್ ಸಿಗದೆಂದು ದೂರಿದ ಹೆಸರುಗಳಿಗೆಲ್ಲ ಒಂದು ಸಾಧನವೇ ಪೊಳ್ಳು ಫಂಕ್ಷನ್‌ಗಳನ್ನು ಬರೆದುಕೊಡುತ್ತದೆ. ಡ್ರೈವರನ್ನು ಓಡಿಸಿದಾಗ ಮೊದಲ ಪೊಳ್ಳು ಫಂಕ್ಷನ್ ತನ್ನ ಹೆಸರು ಮುದ್ರಿಸಿ ಅಲ್ಲೇ ನಿಲ್ಲುತ್ತದೆ. ಡೆವಲಪರ್ ಅದನ್ನು ತುಂಬಿ ಮತ್ತೆ ಓಡಿಸುತ್ತಾರೆ. ಇನ್ನೊಂದು ಹೆಸರು ಬರುತ್ತದೆ. ಹೀಗೆ ಹೆಜ್ಜೆಹೆಜ್ಜೆಗೂ ನಿಂತು ಸಾಗುವಾಗ ಡ್ರೈವರಿಗೆ ನಿಜಕ್ಕೂ ಬೇಕಾದ ಫಂಕ್ಷನ್‌ಗಳು ಎಷ್ಟು ಕಡಿಮೆ ಎಂಬುದು ಕಾಣುತ್ತದೆ. ಲಿನಕ್ಸ್‌ನ ಡ್ರೈವರ್ ಕೋಡನ್ನು ಆದಷ್ಟೂ ಮುಟ್ಟದೆ ಬಿಡುವುದೇ ಇಲ್ಲಿನ ಜಾಣತನ.

ಓಡಿದ ಮೇಲೂ ಪೋರ್ಟ್‌ನ ಹೊಣೆ ಉಳಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಆ ಲೈಬ್ರರಿಯ 1.0.1ರಿಂದ 1.0.1ಎಫ್ ವರೆಗಿನ ಆವೃತ್ತಿಗಳನ್ನು ಬಳಸುತ್ತಿದ್ದ ವ್ಯವಸ್ಥೆಗಳು 1.0.1ಜಿಗೆ ಹೋಗಬೇಕಾಯಿತು, ಇಲ್ಲವೇ ತಿದ್ದುಪಡಿಯನ್ನು ತಾವೇ ಸೇರಿಸಿಕೊಳ್ಳಬೇಕಾಯಿತು. ಮೂಲ ಕೋಡನ್ನು ಮುಟ್ಟದೆ ಉಳಿಸಿಕೊಂಡ ಪೋರ್ಟ್‌ನಲ್ಲಿ ಇಂಥ ಬದಲಾವಣೆ ಆವೃತ್ತಿ ಮತ್ತು ಚೆಕ್‌ಸಮ್‌ನ ಸಾಲುಗಳಲ್ಲೇ ಮುಗಿಯಬಹುದು. ಒಳಗೆ ಕೈಯಾಡಿಸಿ ಮನಬಂದಂತೆ ತಿದ್ದಿದ ಪೋರ್ಟ್‌ನಲ್ಲಿ ಪ್ರತಿ ಪ್ಯಾಚನ್ನೂ ಮತ್ತೆ ಕೂಡಿಸುತ್ತ ಕೂರಬೇಕಾಗುತ್ತದೆ.